ನೆತ್ತಿಗೆ ಹತ್ತಿತು ಅಂದರೆ ಏನು?

ಊಟಕ್ಕೆ ಕುಳಿತಿರುತ್ತೇವೆ. ಮಾತಾಡುತ್ತಾ, ನಗುತ್ತಾ ತುತ್ತು ಬಾಯಿಗೆ ಇಡುತ್ತೇವೆ. ಇದ್ದಕ್ಕಿದ್ದ ಹಾಗೆ ಕೆಮ್ಮು ಬರುತ್ತದೆ. ಮುಖ ಕೆಂಪಾಗುತ್ತದೆ. ಕಣ್ಣಲ್ಲಿ ನೀರು ಸುರಿಯುತ್ತದೆ. ಪಕ್ಕದವರು ಏನಂತಾರೆ? "ಅಯ್ಯೋ, ನೆತ್ತಿಗೆ ಹತ್ತಿತು" ಅಂತಾರೆ. ತಲೆ ತಟ್ಟುತ್ತಾರೆ. "ಯಾರೋ ನೆನೆಸಿಕೊಂಡರು ಕಣೆ" ಅಂತ ನಗುತ್ತಾರೆ.

ನಿಜವಾಗಿಯೂ ಅನ್ನ ನೆತ್ತಿಗೆ ಹತ್ತುತ್ತದಾ? ಬಾಯಿಯಿಂದ ನೆತ್ತಿಗೆ ದಾರಿ ಇದೆಯಾ? ಇಲ್ಲದಿದ್ದರೆ ಆ ತುತ್ತು ಹೋಗಿದ್ದಾದರೂ ಎಲ್ಲಿಗೆ? ಬನ್ನಿ ಅಕ್ಕಂದಿರೇ, ನಮ್ಮ ತಲೆ ಮತ್ತು ಕುತ್ತಿಗೆಯ ಒಳಗೆ ಏನಿದೆ ನೋಡೋಣ. ಇದು ತಿಳಿದಿದ್ದರೆ ಒಂದು ಜೀವ ಉಳಿಸಬಹುದು.

ನೆತ್ತಿಗೆ ದಾರಿ ಇಲ್ಲ

ನಮ್ಮ ತಲೆಬುರುಡೆ ಒಂದೇ ಮೂಳೆ ಅಲ್ಲ. ಅದರಲ್ಲಿ 22 ಮೂಳೆಗಳಿವೆ. 8 ಮೂಳೆಗಳು ಸೇರಿ ಗಡಿಗೆಯ ಹಾಗೆ ಆಗಿವೆ. ಈ ಗಡಿಗೆಯ ಒಳಗೆ ಮೆದುಳು ಇದೆ. ಉಳಿದ 14 ಮೂಳೆಗಳು ಮುಖದವು. ಇವುಗಳಲ್ಲಿ ಆಡುವುದು ಕೆಳದವಡೆ ಒಂದೇ. ಅದು ಆಡುವುದರಿಂದಲೇ ನಾವು ಅಗಿಯುತ್ತೇವೆ, ಮಾತಾಡುತ್ತೇವೆ.

ನಾಲಗೆಯನ್ನು ಮೇಲಕ್ಕೆ ಎತ್ತಿ ಅಂಗುಳ ಮುಟ್ಟಿ ನೋಡಿ. ಗಟ್ಟಿಯಾಗಿದೆ ಅಲ್ಲವೇ? ಅದು ಮೂಳೆ. ಅದರ ಮೇಲೆ ಮೂಗಿನ ಗೂಡು. ಅದರ ಮೇಲೆ ಇನ್ನೊಂದು ಮೂಳೆ. ಅದರ ಮೇಲೆ ಮೆದುಳು. ಎಲ್ಲದರ ಮೇಲೆ ನೆತ್ತಿ. ಬಾಯಿಗೆ ಹಾಕಿದ ಅನ್ನ ಅಲ್ಲಿಗೆ ಹೋಗಲು ದಾರಿಯೇ ಇಲ್ಲ.

ಎಳೆಮಗುವಿನ ನೆತ್ತಿ ಮೆತ್ತಗೆ ಇರುತ್ತದೆ. ಮಿಡಿಯುವುದೂ ಕಾಣುತ್ತದೆ. ಅಲ್ಲಿ ಮೂಳೆಗಳು ಇನ್ನೂ ಕೂಡಿರುವುದಿಲ್ಲ. ಆದರೆ ಅದು ತೂತಲ್ಲ. ಗಟ್ಟಿಯಾದ ಪೊರೆ ಅದನ್ನು ಮುಚ್ಚಿರುತ್ತದೆ. ಸುಮಾರು ಒಂದೂವರೆ ವರ್ಷದ ಹೊತ್ತಿಗೆ ಅಲ್ಲಿ ಮೂಳೆ ಕೂಡಿಕೊಳ್ಳುತ್ತದೆ.

ಹಾಗಾದರೆ ಹಿರಿಯರು ಯಾಕೆ ನೆತ್ತಿಗೆ ಹತ್ತಿತು ಅಂದರು? ಗಂಟಲಿನಿಂದ ಮೂಗಿಗೆ ದಾರಿ ಇದೆ. ಜೋರಾಗಿ ಕೆಮ್ಮಿದಾಗ ಸಾರಿನ ಖಾರ ಮೂಗಿನ ಹಿಂದಕ್ಕೆ ನುಗ್ಗುತ್ತದೆ. ಮೂಗು, ಹಣೆ ಎಲ್ಲ ಚುರುಚುರು ಅನ್ನುತ್ತದೆ. ಅದಕ್ಕೇ ನೆತ್ತಿಗೆ ಏರಿತು ಅನ್ನಿಸಿರಬೇಕು.

ಗಂಟಲು ಒಂದು ಕೂಡುರಸ್ತೆ

ಮೂಗಿನಿಂದ ಗಾಳಿ ಬರುತ್ತದೆ. ಬಾಯಿಂದ ಅನ್ನ, ನೀರು ಬರುತ್ತದೆ. ಈ ಎರಡೂ ದಾರಿಗಳು ಗಂಟಲಲ್ಲಿ ಸೇರುತ್ತವೆ. ಅಲ್ಲಿಂದ ಕೆಳಗೆ ಮತ್ತೆ ಎರಡು ಕೊಳವೆಗಳಾಗುತ್ತವೆ.

ಮುಂದಿನದು ಗಾಳಿಯ ಕೊಳವೆ. ಇದಕ್ಕೆ ಶ್ವಾಸನಾಳ ಎಂದು ಹೆಸರು. ಕುತ್ತಿಗೆಯ ಮುಂಭಾಗವನ್ನು ಮೆಲ್ಲಗೆ ಮುಟ್ಟಿ ನೋಡಿ. ಬಳೆ ಬಳೆಯಾಗಿ ಕೈಗೆ ಸಿಗುತ್ತದೆ. ಕಿವಿಯ ಮೇಲುತುದಿ ಬಾಗುತ್ತದೆ, ಮುರಿಯುವುದಿಲ್ಲ. ಈ ಬಳೆಗಳೂ ಹಾಗೆಯೇ ಮೆದುಮೂಳೆಯವು. ಇವು ಇರುವುದರಿಂದ ಕೊಳವೆ ಸದಾ ತೆರೆದೇ ಇರುತ್ತದೆ. ದೊಡ್ಡವರಲ್ಲಿ ಇದರ ಉದ್ದ ಸುಮಾರು 10ರಿಂದ 12 ಸೆಂಟಿಮೀಟರ್. ಕೆಳಗೆ ಇದು ಎರಡಾಗಿ ಸೀಳಿ ಎರಡು ಶ್ವಾಸಕೋಶಗಳಿಗೆ ಹೋಗುತ್ತದೆ.

ಹಿಂದಿನದು ಅನ್ನದ ಕೊಳವೆ. ಇದಕ್ಕೆ ಅನ್ನನಾಳ ಎಂದು ಹೆಸರು. ಉದ್ದ ಸುಮಾರು 25 ಸೆಂಟಿಮೀಟರ್. ಬರಿದಾದ ಬಟ್ಟೆ ಚೀಲದ ಹಾಗೆ ಇದು ಮುದುಡಿಕೊಂಡಿರುತ್ತದೆ. ತುತ್ತು ಬಂದಾಗ ಮಾತ್ರ ಅಗಲವಾಗುತ್ತದೆ. ತುತ್ತನ್ನು ಒತ್ತಿ ಒತ್ತಿ ಹೊಟ್ಟೆಗೆ ಇಳಿಸುತ್ತದೆ.

ಗಮನಿಸಿದಿರಾ? ಗಾಳಿಯ ಕೊಳವೆ ಮುಂದಿದೆ. ಅನ್ನದ ಕೊಳವೆ ಹಿಂದಿದೆ. ನಾವು ನುಂಗುವ ಪ್ರತಿ ತುತ್ತೂ ಗಾಳಿಯ ಕೊಳವೆಯ ಬಾಯಿಯನ್ನು ದಾಟಿಯೇ ಹಿಂದಕ್ಕೆ ಹೋಗಬೇಕು. ತೆರೆದ ಬಾವಿಯ ಪಕ್ಕದಲ್ಲಿ ನಡೆದು ಹೋದ ಹಾಗೆ. ಹಾಗಾದರೆ ತುತ್ತು ಬಾವಿಗೆ ಬೀಳದ ಹಾಗೆ ಕಾಯುವವರು ಯಾರು?

ಬಾವಿಗೆ ಒಂದು ಮುಚ್ಚಳ

ಗಂಟಲಿನ ಮುಂದಿನ ಉಬ್ಬಿನ ಮೇಲೆ ಎರಡು ಬೆರಳಿಡಿ. ಈಗ ಉಗುಳು ನುಂಗಿ. ಉಬ್ಬು ಮೇಲಕ್ಕೆ ಹೋಗಿ ಕೆಳಗೆ ಬಂತು ಅಲ್ಲವೇ? ಆ ಉಬ್ಬೇ ಧ್ವನಿಪೆಟ್ಟಿಗೆ. ಅದು ಗಾಳಿಯ ಕೊಳವೆಯ ಮೇಲ್ತುದಿಯಲ್ಲಿದೆ. ಅದರ ಬಾಯಿಗೆ ಎಲೆಯ ಆಕಾರದ ಒಂದು ಪುಟ್ಟ ಮುಚ್ಚಳ ಇದೆ. ನಾವು ನುಂಗಿದಾಗ ಪೆಟ್ಟಿಗೆ ಮೇಲೇಳುತ್ತದೆ. ಮುಚ್ಚಳ ಮೇಲೆ ಬಾಗುತ್ತದೆ. ಪೆಟ್ಟಿಗೆಯ ಒಳಗಿನ ಎರಡು ಧ್ವನಿತಂತುಗಳೂ ಒಂದಕ್ಕೊಂದು ಸೇರಿ ದಾರಿ ಮುಚ್ಚುತ್ತವೆ. ಅದೇ ಹೊತ್ತಿಗೆ ಕಿರುನಾಲಗೆಯ ಭಾಗ ಮೇಲೆದ್ದು ಮೂಗಿನ ದಾರಿಯನ್ನೂ ಮುಚ್ಚುತ್ತದೆ. ಆಗ ತುತ್ತಿಗೆ ಉಳಿಯುವುದು ಒಂದೇ ದಾರಿ, ಹೊಟ್ಟೆಯ ದಾರಿ.

ನುಂಗುವ ಆ ಒಂದು ಕ್ಷಣ ಉಸಿರು ನಿಲ್ಲುತ್ತದೆ. ಉಸಿರಾಡುತ್ತಾ ನುಂಗಲು ನೋಡಿ, ಆಗುವುದೇ ಇಲ್ಲ. ಆದರೆ ಬಾಯಲ್ಲಿ ತುತ್ತಿಟ್ಟುಕೊಂಡು ನಕ್ಕರೆ? ಮಾತಾಡಿದರೆ? ಆಗ ಉಸಿರು ಎಳೆದುಕೊಳ್ಳುತ್ತೇವೆ, ಮುಚ್ಚಳ ತೆರೆಯುತ್ತದೆ. ಒಂದು ಅಗುಳು ಗಾಳಿಯ ದಾರಿಗೆ ನುಗ್ಗುತ್ತದೆ. ಕೂಡಲೇ ಕೆಮ್ಮು ಬಂದು ಅದನ್ನು ಹೊರಗೆ ಎಸೆಯುತ್ತದೆ. ನೆತ್ತಿಗೆ ಹತ್ತುವುದು ಅಂದರೆ ಇಷ್ಟೇ. ಅನ್ನ ಮೇಲಕ್ಕೆ ಹೋಗಲಿಲ್ಲ, ದಾರಿ ತಪ್ಪಿ ಮುಂದಿನ ಕೊಳವೆಗೆ ಹೋಯಿತು. ಯಾರು ನೆನೆಸಿಕೊಂಡರೂ ನೆನೆಸಿಕೊಳ್ಳದಿದ್ದರೂ ಇದು ಆಗುತ್ತದೆ!

ಕೆಮ್ಮು ಬಂದರೆ ಒಳ್ಳೆಯದು, ಬಾರದಿದ್ದರೆ ಅಪಾಯ

ಕೆಮ್ಮು ನಮ್ಮ ಕಾವಲುಗಾರ. ಕೆಮ್ಮುತ್ತಿದ್ದಾರೆ ಅಂದರೆ ಗಾಳಿ ಆಡುತ್ತಿದೆ ಎಂದು ಅರ್ಥ. ಅವರನ್ನು ಮುಂದಕ್ಕೆ ಬಾಗಿಸಿ ಚೆನ್ನಾಗಿ ಕೆಮ್ಮಲು ಹೇಳಿ. ಆಗ ನೀರು ಕುಡಿಸಬೇಡಿ. ಕೆಮ್ಮು ನಿಂತ ಮೇಲೆ ಒಂದು ಗುಟುಕು ಕುಡಿಯಲಿ. ತಲೆ ತಟ್ಟುವುದರಿಂದ ಏನೂ ಉಪಯೋಗ ಇಲ್ಲ.

ಆದರೆ ದೊಡ್ಡ ಚೂರು ಗಾಳಿಯ ದಾರಿಯನ್ನು ಪೂರ್ತಿ ಮುಚ್ಚಿದರೆ ಕೆಮ್ಮು ಬರುವುದಿಲ್ಲ. ಮಾತು ಹೊರಡುವುದಿಲ್ಲ. ಕೈ ತಾನಾಗಿಯೇ ಗಂಟಲಿಗೆ ಹೋಗುತ್ತದೆ. ತುಟಿ ನೀಲಿಯಾಗುತ್ತದೆ. ಉಸಿರು ಸಿಗದೆ ನಾಲ್ಕೈದು ನಿಮಿಷವಾದರೆ ಮೆದುಳು ಕೆಡಲು ಶುರುವಾಗುತ್ತದೆ. ಆಸ್ಪತ್ರೆಗೆ ಓಡುವಷ್ಟು ಸಮಯ ಇರುವುದಿಲ್ಲ. ಹತ್ತಿರ ಇದ್ದವರೇ ಕೈ ಹಾಕಬೇಕು. ಒಬ್ಬರು 108ಕ್ಕೆ ಫೋನ್ ಮಾಡಲಿ. ಇನ್ನೊಬ್ಬರು ಹೀಗೆ ಮಾಡಲಿ:

ಒಂದು: ಅವರನ್ನು ಮುಂದಕ್ಕೆ ಬಾಗಿಸಿ. ಬೆನ್ನಿನ ಮೇಲೆ, ಎರಡು ಹೆಗಲುಗಳ ನಡುವೆ, ಅಂಗೈಯ ಬುಡದಿಂದ ಐದು ಸಲ ಜೋರಾಗಿ ಗುದ್ದಿ.

ಎರಡು: ಚೂರು ಬೀಳದಿದ್ದರೆ ಅವರ ಹಿಂದೆ ನಿಂತು ಸೊಂಟ ಬಳಸಿ ಹಿಡಿಯಿರಿ. ಒಂದು ಕೈ ಮುಷ್ಟಿ ಮಾಡಿ ಹೊಕ್ಕಳಿಗಿಂತ ಸ್ವಲ್ಪ ಮೇಲೆ ಇಡಿ. ಅದರ ಮೇಲೆ ಇನ್ನೊಂದು ಕೈ ಇಡಿ. ಒಳಕ್ಕೂ ಮೇಲಕ್ಕೂ ಐದು ಸಲ ಜೋರಾಗಿ ಒತ್ತಿ.

ಮೂರು: ಚೂರು ಹೊರಗೆ ಬರುವ ತನಕ ಈ ಎರಡನ್ನೂ ಒಂದಾದ ಮೇಲೆ ಒಂದು ಮಾಡುತ್ತಿರಿ.

ಬಸುರಿ ಹೆಂಗಸಾದರೆ ಹೊಟ್ಟೆ ಒತ್ತಬಾರದು, ಎದೆಯ ನಡುವೆ ಒತ್ತಬೇಕು. ಹೊಟ್ಟೆ ಒತ್ತಿಸಿಕೊಂಡವರು ಆಮೇಲೆ ಡಾಕ್ಟರಿಗೆ ತೋರಿಸಿಕೊಳ್ಳಬೇಕು.

ವರ್ಷ ತುಂಬದ ಮಗುವಿಗೆ ಹೊಟ್ಟೆ ಒತ್ತಲೇಬಾರದು. ಮಗುವನ್ನು ನಿಮ್ಮ ಮುಂಗೈ ಮೇಲೆ ಬೋರಲು ಮಲಗಿಸಿ. ತಲೆ ಕೆಳಗಿರಲಿ, ದವಡೆಗೆ ಕೈ ಆಸರೆ ಇರಲಿ. ಬೆನ್ನಿನ ನಡುವೆ ಐದು ಸಲ ತಟ್ಟಿ. ಬರದಿದ್ದರೆ ಅಂಗಾತ ತಿರುಗಿಸಿ, ಎದೆಯ ನಡುಮೂಳೆಯ ಮೇಲೆ ಐದು ಸಲ ಒತ್ತಿ. ಮತ್ತೆ ಬೋರಲು ಮಾಡಿ ತಟ್ಟಿ. ಚೂರು ಕಣ್ಣಿಗೆ ಕಂಡರೆ ಮಾತ್ರ ತೆಗೆಯಿರಿ. ಕಾಣದೆ ಬೆರಳು ಹಾಕಿದರೆ ಅದು ಇನ್ನೂ ಒಳಗೆ ಹೋಗುತ್ತದೆ.

ಯಾರೇ ಆಗಲಿ, ಪ್ರಜ್ಞೆ ತಪ್ಪಿದರೆ ನೆಲದ ಮೇಲೆ ಮಲಗಿಸಿ ಎದೆಯ ನಡುವೆ ಒತ್ತುತ್ತಿರಬೇಕು. 108ರವರು ಫೋನಿನಲ್ಲಿ ಹೇಳಿದಂತೆ ಮಾಡಿ.

ಇವನ್ನೆಲ್ಲ ಓದಿ ಬಿಟ್ಟರೆ ಸಾಲದು. ಊರಿನ ನರ್ಸಮ್ಮನನ್ನೋ ಆಶಾ ಕಾರ್ಯಕರ್ತೆಯನ್ನೋ ಕೇಳಿ, ಮಾಡಿ ತೋರಿಸಲು ಹೇಳಿ.

ಕಡಲೆಬೀಜದ ಕಥೆ

ಮಕ್ಕಳ ಗಾಳಿಯ ಕೊಳವೆ ಬಹಳ ಸಣ್ಣದು. ಅಗಿಯುವ ಹಲ್ಲುಗಳು ಎಲ್ಲ ಬರಲು ಎರಡೂವರೆ ಮೂರು ವರ್ಷ ಬೇಕು. ಬಂದ ಮೇಲೂ ಅವರಿಗೆ ಚೆನ್ನಾಗಿ ಅಗಿಯಲು ಬರುವುದಿಲ್ಲ. ಇಂಥ ಮಗು ಕಡಲೆಬೀಜ ತಿನ್ನುತ್ತಾ ಓಡುತ್ತದೆ, ನಗುತ್ತದೆ, ಅಳುತ್ತದೆ. ಬೀಜ ಸರಕ್ಕನೆ ಒಳಗೆ ಜಾರುತ್ತದೆ. ಹುಣಸೆಬೀಜ, ಸೀತಾಫಲದ ಬೀಜ, ಬಟಾಣಿ, ಅಂಗಿಯ ಗುಂಡಿ ಕೂಡ ಹೀಗೇ ಹೋಗುತ್ತವೆ.

ಕೆಲವು ಸಲ ಬೀಜ ಗಂಟಲಲ್ಲಿ ನಿಲ್ಲದೆ ಇನ್ನೂ ಕೆಳಗೆ ಇಳಿಯುತ್ತದೆ. ಹೆಚ್ಚಾಗಿ ಬಲಗಡೆ ಶ್ವಾಸಕೋಶದ ಕೊಳವೆಗೆ ಹೋಗುತ್ತದೆ. ಯಾಕೆಂದರೆ ಅದು ಎಡಗಡೆಯದಕ್ಕಿಂತ ಅಗಲವಾಗಿದೆ, ನೆಟ್ಟಗೂ ಇದೆ. ಆಗ ಮಗು ಸ್ವಲ್ಪ ಹೊತ್ತು ಕೆಮ್ಮಿ ಸುಮ್ಮನಾಗುತ್ತದೆ. ಮನೆಯವರು ಸರಿಹೋಯಿತು ಅಂದುಕೊಳ್ಳುತ್ತಾರೆ. ಬೀಜ ಮಾತ್ರ ಒಳಗೇ ಇರುತ್ತದೆ. ಕೆಲವು ದಿನ ಕಳೆದು ಕೆಮ್ಮು, ಜ್ವರ, ಸುಯ್ ಸುಯ್ ಎನ್ನುವ ಉಸಿರು ಶುರುವಾಗುತ್ತದೆ. ನೋಡಿದವರಿಗೆ ಬರೀ ಶೀತ, ಕಫ ಅನ್ನಿಸುತ್ತದೆ.

ಇಲ್ಲಿ ಒಂದು ಮುಖ್ಯ ಮಾತು. ಕಡಲೆಬೀಜ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಹಾಗಾಗಿ ಡಾಕ್ಟರಿಗೆ ಸುಳಿವು ಕೊಡಬೇಕಾದವಳು ತಾಯಿಯೇ. "ಆವತ್ತು ಕಡಲೆಬೀಜ ತಿನ್ನುವಾಗ ಕೆಮ್ಮು ಹತ್ತಿತು. ಆಮೇಲಿಂದ ಹೀಗಾಗಿದೆ" ಎಂದು ತಪ್ಪದೆ ಹೇಳಿ. ಕೇಳದಿದ್ದರೂ ಹೇಳಿ. ಬೈದಾರು ಅಂತ ಹೆದರಬೇಡಿ. ದೊಡ್ಡ ಆಸ್ಪತ್ರೆಯಲ್ಲಿ ದೀಪ ಇರುವ ಕೊಳವೆಯನ್ನು ಒಳಗೆ ಬಿಟ್ಟು ಬೀಜವನ್ನು ತೆಗೆಯುತ್ತಾರೆ. ನಿಮ್ಮ ಆ ಒಂದು ಮಾತು ಮಗುವನ್ನು ಉಳಿಸಬಹುದು.

ಹುಯ್ಯಬೇಡಿ, ಗುಟುಕಿಸಿ

ಅಳುವ ಮಗುವಿನ ಮೂಗು ಹಿಡಿದು ಔಷಧಿ ಹುಯ್ಯುವುದನ್ನು ನೋಡಿದ್ದೇವೆ. ಕಾಲ ಮೇಲೆ ಅಂಗಾತ ಮಲಗಿಸಿ ಒಳಲೆಯಲ್ಲಿ ಹಾಲು ಸುರಿಯುವುದೂ ಇದೆ. ಅಳುವಾಗ ಮಗು ಉಸಿರು ಎಳೆದುಕೊಳ್ಳುತ್ತದೆ. ಆಗ ಮುಚ್ಚಳ ತೆರೆದಿರುತ್ತದೆ. ಸುರಿದದ್ದು ಶ್ವಾಸಕೋಶಕ್ಕೆ ಹೋಗಬಹುದು. ಅಳು ನಿಲ್ಲಲಿ. ತಲೆ ಎತ್ತಿ ಹಿಡಿದು ಸ್ವಲ್ಪ ಸ್ವಲ್ಪವೇ ಕುಡಿಸಿ.

ಎರೆಯುವಾಗ ಮಗುವಿನ ಮೂಗಿಗೆ ಎಣ್ಣೆ ಬಿಡುವುದೂ ಬೇಡ. ಎಣ್ಣೆ ನುಣ್ಣಗೆ ಜಾರಿ ಒಳಗೆ ಹೋಗುತ್ತದೆ. ಎಷ್ಟೋ ಸಲ ಕೆಮ್ಮೂ ಬರುವುದಿಲ್ಲ. ಶ್ವಾಸಕೋಶದಲ್ಲಿ ನಿಂತು ನ್ಯುಮೋನಿಯಾ ತರುತ್ತದೆ. ಮೈಗೆ ಹಚ್ಚಿ, ನೆತ್ತಿಗೆ ಹಚ್ಚಿ. ಮೂಗಿಗೆ ಬೇಡ.

ಪ್ರಜ್ಞೆ ತಪ್ಪಿದವರಿಗೆ, ಫಿಟ್ಸ್ ಬಂದವರಿಗೆ ಬಾಯಿಗೆ ನೀರು ಬಿಡಬೇಡಿ. ಅವರಿಗೆ ನುಂಗುವ ಅರಿವು ಇರುವುದಿಲ್ಲ. ಉಸಿರಾಡುತ್ತಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ. ಲಕ್ವ ಹೊಡೆದ ಹಿರಿಯರಿಗೂ ನುಂಗುವುದು ಕಷ್ಟ. ಅವರನ್ನು ನೆಟ್ಟಗೆ ಕೂರಿಸಿ, ಸಣ್ಣ ತುತ್ತು ಕೊಡಿ. ಮೊದಲ ತುತ್ತು ಇಳಿದ ಮೇಲೆ ಎರಡನೆಯದು ಕೊಡಿ.

ನೆನಪಿಡಿ

ಗಂಟಲಲ್ಲಿ ದಾರಿ ಎರಡು. ಮುಂದೆ ಗಾಳಿ, ಹಿಂದೆ ಅನ್ನ.
ಬಾಯಲ್ಲಿ ತುತ್ತು ಇದ್ದಾಗ ಮಾತು ಬೇಡ, ನಗು ಬೇಡ.
ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಕಡಲೆಬೀಜ ಬೇಡ. ಪುಡಿ ಮಾಡಿ ಕೊಡಿ.
ಮಕ್ಕಳು ಕುಳಿತು ತಿನ್ನಲಿ. ತಿನ್ನುವಾಗ ದೊಡ್ಡವರು ಹತ್ತಿರ ಇರಲಿ.
ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಕೆಮ್ಮೂ ಮಾತೂ ಬಾರದಿದ್ದರೆ ಬೆನ್ನು ಗುದ್ದಿ, 108ಕ್ಕೆ ಫೋನ್ ಮಾಡಿ.

ಮಾತಾಡೋಣ

1. ನೀವು ನುಂಗುವಾಗ ಗಂಟಲಿನ ಉಬ್ಬು ಯಾಕೆ ಮೇಲೇಳುತ್ತದೆ?
2. ಮಗುವಿನ ಬಾಯಿಗೆ ಹೋಗಬಹುದಾದ ಸಣ್ಣ ವಸ್ತುಗಳು ನಿಮ್ಮ ಮನೆಯಲ್ಲಿ ಏನೇನಿವೆ? ಪಟ್ಟಿ ಬರೆಯಿರಿ.
3. ನಿಮ್ಮ ಮನೆಯಲ್ಲಿ ಎಳೆಮಗುವಿಗೆ ಹಾಲು, ಔಷಧಿ ಹೇಗೆ ಕುಡಿಸುತ್ತೀರಿ? ಅದರಲ್ಲಿ ಏನನ್ನು ಬದಲಾಯಿಸಬೇಕು?