ಒಂದು ಮದುವೆಗೆ ಎಷ್ಟು ಟಿಬಿ?

ಕಲ್ಮಲ, ಮಾನ್ವಿ, ದೇವದುರ್ಗದ ಕಡೆ ಮದುವೆ ಹಂಗಾಮು ಎಂದರೆ ಕಡುಬಿಸಿಲಿನ ಕಾಲವೂ ಹೌದು. ಬೆಳಗ್ಗೆ ಅರಿಶಿಣದಿಂದ ರಾತ್ರಿ ಮೆರವಣಿಗೆವರೆಗೆ ಕ್ಯಾಮೆರಾಗಳಿಗೆ ಬಿಡುವಿಲ್ಲ. 4ಕೆ ವಿಡಿಯೊವನ್ನು ಸೆಕೆಂಡಿಗೆ 100 ಮೆಗಾಬಿಟ್‌ನಂತೆ ತೆಗೆದರೆ ತಾಸಿಗೆ 45 ಜಿಬಿ. ಎರಡು ಕ್ಯಾಮೆರಾ, ಎಂಟು ತಾಸು ಎಂದರೆ 720 ಜಿಬಿ. 1 ಟಿಬಿ ಎಂದು ಕೊಂಡ ಡಿಸ್ಕ್ ವಿಂಡೋಸ್‌ನಲ್ಲಿ ತೋರಿಸುವುದೇ 931 ಜಿಬಿ. ಒಂದೇ ಮದುವೆಗೆ ಅದರ ಮುಕ್ಕಾಲು ಪಾಲು ಭರ್ತಿ!

ತಟ್ಟೆ ತಿರುಗುವ ಹಾರ್ಡ್‌ಡಿಸ್ಕ್‌ನ ಕಾಲ ಮುಗಿಯಿತು ಎನ್ನುವವರು ಈ ಲೆಕ್ಕ ಹಾಕಿ ನೋಡಬೇಕು. ಎಡಿಟಿಂಗ್‌ಗೆ ಎಸ್‌ಎಸ್‌ಡಿಯೇ ಬೇಕು, ಎರಡು ಮಾತಿಲ್ಲ. ಆದರೆ ಮುಗಿದ ಕೆಲಸವನ್ನು ವರ್ಷಗಟ್ಟಲೆ ಕಾದಿಡಲು ಸಣ್ಣ ಸ್ಟುಡಿಯೊದ ಕೈಗೆಟುಕುವುದು ಹಾರ್ಡ್‌ಡಿಸ್ಕೇ. 1956ರಲ್ಲಿ ಐಬಿಎಂ ತಂದ ಮೊದಲ ಡಿಸ್ಕ್‌ನಲ್ಲಿ 24 ಇಂಚಿನ 50 ತಟ್ಟೆಗಳಿದ್ದವು. ಹಿಡಿಸುತ್ತಿದ್ದುದು ಸುಮಾರು 5 ಎಂಬಿ, ಈಗಿನ ಒಂದು ಫೋಟೊದಷ್ಟು. ಇಂದು ಇವನ್ನು ತಯಾರಿಸುವವರು ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಷಿಬಾ ಮೂವರೇ.

ಕೊಳ್ಳುವಾಗ ಟಿಬಿ, ರೇಟು ಎರಡನ್ನೇ ಕೇಳಿ ಬರಬೇಡಿ. ಡಿಸ್ಕ್ ಬರೆಯುವ ಬಗೆ ಸಿಎಂಆರೋ ಎಸ್‌ಎಂಆರೋ ಎಂದು ಮೊದಲು ಕೇಳಿ. ಸಿಎಂಆರ್‌ನಲ್ಲಿ ದತ್ತಾಂಶದ ಸಾಲುಗಳು ಬೇರೆ ಬೇರೆಯಾಗಿರುತ್ತವೆ. ಎಸ್‌ಎಂಆರ್‌ನಲ್ಲಿ ದತ್ತಾಂಶದ ಸಾಲುಗಳು ಮನೆಮಾಡಿನ ಹೆಂಚಿನಂತೆ ಒಂದರ ಮೇಲೊಂದು ಚಾಚಿಕೊಂಡಿರುತ್ತವೆ. ಒಂದನ್ನು ಬದಲಿಸಬೇಕಾದರೆ ಪಕ್ಕದವನ್ನೂ ಮತ್ತೆ ಬರೆಯಬೇಕು. ಹಾಗಾಗಿ ದೊಡ್ಡ ಫೈಲ್‌ಗಳನ್ನು ಒಂದೇ ಸಮನೆ ತುಂಬುವಾಗ ವೇಗ ಕುಸಿಯಬಹುದು. ವೆಸ್ಟರ್ನ್ ಡಿಜಿಟಲ್ ತನ್ನ ಕೆಲವು ‘ರೆಡ್’ ಡ್ರೈವ್‌ಗಳಲ್ಲಿ ಇದನ್ನು ಬಳಸಿದ ವಿಷಯ 2020ರಲ್ಲಿ ಹೊರಬಿದ್ದು, ಗ್ರಾಹಕರು ತಿರುಗಿಬಿದ್ದ ಮೇಲಷ್ಟೇ ಮಾದರಿಗಳ ಪಟ್ಟಿ ಪ್ರಕಟಿಸಿತು. ಕೊಳ್ಳುವವರಿಗೆ ಮೊದಲೇ ತಿಳಿಯಬೇಕಿದ್ದ ಸಂಗತಿ ಅದು.

ಹೊಸದೆಂದು ಕೊಟ್ಟದ್ದು ನಿಜಕ್ಕೂ ಹೊಸದೇ? ಅಂಗಡಿಯಲ್ಲೇ ಕಂಪ್ಯೂಟರ್‌ಗೆ ಜೋಡಿಸಿ, ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶದಲ್ಲಿ ಎಷ್ಟು ತಾಸು ಓಡಿದೆ ಎಂದು ನೋಡಿ. ಸಾವಿರಾರು ತಾಸು ತೋರಿಸಿದರೆ ಅಲ್ಲೇ ವಾಪಸ್ ಮಾಡಿ. ಆ ಅಂಕಿಯನ್ನೂ ಅಳಿಸಿ ಮಾರುವವರಿದ್ದಾರೆ. ಆದ್ದರಿಂದ ಸೀರಿಯಲ್ ನಂಬರನ್ನು ಕಂಪನಿಯ ತಾಣದಲ್ಲಿ ಹಾಕಿ ವಾರಂಟಿ ಎಲ್ಲಿಯವರೆಗಿದೆ ನೋಡಿ, ಜಿಎಸ್‌ಟಿ ಬಿಲ್ ಪಡೆಯಿರಿ.

ಇನ್ನು ನಮ್ಮ ಸೀಮೆಯ ಬಿಸಿಲು. ಡೆಸ್ಕ್‌ಟಾಪ್ ಡಿಸ್ಕ್‌ಗಳು ಸಾಮಾನ್ಯವಾಗಿ 60 ಡಿಗ್ರಿವರೆಗೆ ತಾಳುತ್ತವೆ ಎನ್ನುತ್ತಾರೆ ತಯಾರಕರು. ಕೋಣೆಯೇ 42 ಡಿಗ್ರಿ ಇದ್ದರೆ, ಮುಚ್ಚಿದ ಕ್ಯಾಬಿನೆಟ್ಟಿನೊಳಗೆ 50 ದಾಟಲು ಹೊತ್ತು ಬೇಕಿಲ್ಲ. ಸೆಕೆಂಡಿಗೆ 120 ಸುತ್ತು ತಿರುಗುವ ತಟ್ಟೆಯ ಮೇಲೆ, ದತ್ತಾಂಶ ಓದಿ ಬರೆಯುವ ಹೆಡ್ ಗಾಳಿಯ ಆಧಾರದಲ್ಲಿ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ಡಿಸ್ಕನ್ನು ಕೈಯಲ್ಲಿ ಹಿಡಿದು ನೋಡಿ: ಗಾಳಿ ತುಂಬಿದ ಮಾದರಿಗಳಲ್ಲಿ ಗುಂಡುಸೂಜಿ ತಲೆಯಷ್ಟು ಸಣ್ಣ ತೂತು, ಪಕ್ಕದಲ್ಲಿ ಮುಚ್ಚಬೇಡಿ ಎಂಬ ಎಚ್ಚರಿಕೆ. ಒಳಗಿನ ಗಾಳಿಯ ಒತ್ತಡವನ್ನು ಹೊರಗಿನದಕ್ಕೆ ಸಮ ಮಾಡುವುದು ಅದೇ. ಅಂಗಡಿಯವರು ಅಂಟಿಸುವ ಸ್ಟಿಕ್ಕರ್ ಅದರ ಮೇಲೆ ಬೀಳದಿರಲಿ. ಕ್ಯಾಬಿನೆಟ್ಟಿನ ಮುಂದಿನ ಫ್ಯಾನಿಗೆ ಎದುರಾಗಿ ಡಿಸ್ಕ್ ಕೂರಿಸಿ. ಹತ್ತಿಯ ನವಿರು, ರಸ್ತೆ ಧೂಳು ಕಟ್ಟುವ ಆ ಫ್ಯಾನನ್ನು ಆಗಾಗ ಬಿಚ್ಚಿ ಒರೆಸಿ. ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಫೈಲ್ ಕೆಡಬಹುದು, ಯುಪಿಎಸ್ ಇರಲೇಬೇಕು.

ಬಜೆಟ್ 8 ಟಿಬಿಗೆ ಹೊಂದಿಸಿದ್ದರೆ, ಒಂದೇ 8ರ ಬದಲು 4 ಟಿಬಿಯ ಎರಡು ತನ್ನಿ. ಬೆಲೆ ತುಸು ಹೆಚ್ಚಾದರೂ ಚಿಂತೆಯಿಲ್ಲ. ಎರಡರಲ್ಲೂ ಅದೇ ಫೈಲ್‌ಗಳಿರಲಿ, ಒಂದು ಸ್ಟುಡಿಯೊದಲ್ಲಿ, ಇನ್ನೊಂದು ಮನೆಯಲ್ಲಿ. ತೀರಿಕೊಂಡ ಅಜ್ಜಿ ಅಕ್ಷತೆ ಹಾಕುತ್ತಿರುವ ದೃಶ್ಯ ಬೇಕೆಂದು ಐದು ವರ್ಷದ ಮೇಲೂ ಜನ ಸ್ಟುಡಿಯೊಗೆ ಬರುತ್ತಾರೆ.