ಪರಸ್ಥಳದಲ್ಲಿ ಒಂದು ರಾತ್ರಿ

ವಿದ್ಯಾರ್ಥಿಯೊಬ್ಬನು ಸಂದರ್ಶನಕ್ಕೆಂದು ಬೆಂಗಳೂರಿನಿಂದ ದೆಹಲಿಗೆ ಹೊರಟನೆಂದು ಭಾವಿಸೋಣ. ಒಂದೂವರೆ ದಿನಕ್ಕೂ ಮೀರಿದ ರೈಲುಪ್ರಯಾಣವನ್ನು ಮುಗಿಸಿ ಅವನು ಹೊಸದೆಹಲಿ ನಿಲ್ದಾಣದಲ್ಲಿ ಇಳಿಯುತ್ತಾನೆ. ಕಣ್ಣಿನಲ್ಲಿ ನಿದ್ರೆ, ಹೆಗಲಿನ ಮೇಲೆ ಭಾರವಾದ ಚೀಲ, ಸುತ್ತಲೂ ಅಷ್ಟಾಗಿ ರೂಢಿಯಿಲ್ಲದ ಭಾಷೆ. ಪಹಾಡ್‌ಗಂಜ್ ಕಡೆಯ ಬಾಗಿಲಿನಿಂದ ಹೊರಗೆ ಬರುತ್ತಲೇ ಆಟೋರಿಕ್ಷಾದವನೊಬ್ಬನು ಎದುರಾಗಿ, ಎಲ್ಲಿಗೆ ಹೋಗಬೇಕೆಂದು ವಿನಯದಿಂದ ವಿಚಾರಿಸುತ್ತಾನೆ. ತಾನು ಮೊದಲೇ ಗೊತ್ತುಮಾಡಿಕೊಂಡಿದ್ದ ವಸತಿಗೃಹದ ಹೆಸರನ್ನು ಹುಡುಗನು ಹೇಳುತ್ತಾನೆ. ಸ್ವಲ್ಪ ದೂರ ಹೋದ ಮೇಲೆ ಗಾಡಿ ನಿಲ್ಲುತ್ತದೆ. “ಆ ಹೋಟೆಲು ಮುಚ್ಚಿಹೋಯಿತಲ್ಲ, ನಿಮಗೆ ತಿಳಿಯದೆ?” ಎನ್ನುತ್ತಾನೆ ಚಾಲಕ. ಪಕ್ಕದಲ್ಲಿ ನಿಂತಿದ್ದ ಇನ್ನೊಬ್ಬನು ಹೌದೆಂದು ತಲೆಯಾಡಿಸುತ್ತಾನೆ. “ಬೇಕಾದರೆ ನೀವೇ ಕೇಳಿ” ಎಂದು ಚಾಲಕನು ತನ್ನ ಫೋನಿನಿಂದಲೇ ಕರೆಮಾಡಿ ಹುಡುಗನ ಕೈಗೆ ಕೊಡುತ್ತಾನೆ. ಅತ್ತಲಿಂದ ಒಂದು ಕಂಠವು, “ಕ್ಷಮಿಸಿ, ನಮ್ಮಲ್ಲಿ ಈಗ ಯಾರನ್ನೂ ಇಳಿಸಿಕೊಳ್ಳುತ್ತಿಲ್ಲ” ಎಂದು ತಿಳಿಸುತ್ತದೆ.

ಅರ್ಧ ಗಂಟೆಯೊಳಗೆ ಹುಡುಗನು ತಾನೆಂದೂ ಹೆಸರು ಕೇಳದ ಒಂದು ಲಾಡ್ಜಿನ ನಾಲ್ಕನೆಯ ಅಂತಸ್ತಿನಲ್ಲಿ, ಕಿಟಕಿಯಿಲ್ಲದ ಕೋಣೆಯೊಂದರಲ್ಲಿ, ಎರಡರಷ್ಟು ಬಾಡಿಗೆ ತೆತ್ತು ಕುಳಿತಿರುತ್ತಾನೆ. ಅವನು ಗೊತ್ತುಮಾಡಿದ್ದ ವಸತಿಗೃಹವಾದರೋ ಎಂದಿನಂತೆ ತೆರೆದೇ ಇರುತ್ತದೆ.

ಇದು ನಾವು ಕಲ್ಪಿಸಿದ ಹುಡುಗನ ಕತೆಯಾದರೂ ವಂಚನೆಯ ಕ್ರಮ ಕಲ್ಪಿತವಲ್ಲ. ಹೊಸದೆಹಲಿ ನಿಲ್ದಾಣದ ಸುತ್ತಮುತ್ತ ಇದು ಬಹುಕಾಲದಿಂದ ನಡೆದುಬಂದಿದೆ; ಪ್ರವಾಸಿಗರ ಕೈಪಿಡಿಗಳು ಇದರ ಬಗ್ಗೆ ಮತ್ತೆ ಮತ್ತೆ ಎಚ್ಚರಿಸಿವೆ. ವಿದೇಶೀಯರಿಗೆಂದು ರೈಲ್ವೆಯವರು ಆ ನಿಲ್ದಾಣದಲ್ಲಿ ಪ್ರತ್ಯೇಕ ಟಿಕೆಟ್ ಕಚೇರಿಯನ್ನು ತೆರೆದಾಗ, ಅಲ್ಲಿಗೆ ಹೋಗುವವರನ್ನು ದಾರಿಯಲ್ಲೇ ತಡೆದು, “ಕಚೇರಿ ಸುಟ್ಟುಹೋಗಿದೆ, ಬೇರೆ ಕಡೆಗೆ ಹೋಗಿದೆ” ಎಂದು ನಂಬಿಸಿ, ಕನಾಟ್ ಪ್ಲೇಸಿನ ಖಾಸಗಿ ಅಂಗಡಿಗಳಿಗೆ ಕರೆದೊಯ್ಯುವ ದಲ್ಲಾಳಿಗಳು ಹುಟ್ಟಿಕೊಂಡರು. ದೆಹಲಿಯ ಮಾತು ಹಾಗಿರಲಿ, ಹೆಸರುಗಳನ್ನು ಬದಲಾಯಿಸಿದರೆ ಇದೇ ಕತೆ ಅನೇಕ ದೊಡ್ಡ ಊರುಗಳಿಗೂ ಯಾತ್ರಾಸ್ಥಳಗಳಿಗೂ ಹೊಂದುತ್ತದೆ.

ಇದರ ಹಿಂದಿನ ಲೆಕ್ಕ ಸರಳವಾದುದು. ಗಿರಾಕಿಯನ್ನು ಕರೆತಂದವನಿಗೆ ಲಾಡ್ಜಿನವರು ಕಮಿಷನ್ ಕೊಡುತ್ತಾರೆ. ಆ ಹಣವನ್ನು ಗಿರಾಕಿಯ ಬಾಡಿಗೆಯಲ್ಲಿಯೇ ಸೇರಿಸಿ ವಸೂಲು ಮಾಡುತ್ತಾರೆ. ಕೋಣೆ ಒಳ್ಳೆಯದಾಗಿದ್ದು ಜನರು ತಾವಾಗಿಯೇ ಬರುವಂತಿದ್ದರೆ ಹೆಚ್ಚು ಕಮಿಷನ್ ತೆರುವ ಅಗತ್ಯ ಬೀಳುವುದಿಲ್ಲ. ಆದುದರಿಂದ ದಲ್ಲಾಳಿಯು ನಮ್ಮನ್ನು ಕೊಂಡೊಯ್ಯುವುದು ಬಹುಮಟ್ಟಿಗೆ ಯಾರೂ ತಾವಾಗಿ ಹೋಗದ ಸ್ಥಳಕ್ಕೆ. ಹಣ ಹೋದರೆ ಸಂಪಾದಿಸಬಹುದು. ಆದರೆ ಆ ಸ್ಥಳದಲ್ಲಿ ನಾವು ಒಂದು ರಾತ್ರಿ ನಿದ್ರಿಸಬೇಕಾಗುತ್ತದೆ ಎಂಬುದನ್ನು ಮರೆಯಬಾರದು.

ಮೂರು ಬಾಯಿ, ಒಂದು ಸಾಕ್ಷಿ

ನಮ್ಮ ವಿದ್ಯಾರ್ಥಿ ದಡ್ಡನಲ್ಲ. ಚಾಲಕನ ಮಾತೊಂದನ್ನೇ ಕೇಳಿ ಅವನು ಮೋಸಹೋಗಲಿಲ್ಲ. ಮೂವರು ಹೇಳಿದ್ದನ್ನು ಕೇಳಿ ನಂಬಿದನು. ಹೀಗೇಕಾಗುತ್ತದೆ?

ಅಮೆರಿಕದ ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ ಎಂಬವರು 1950ರ ದಶಕದಲ್ಲಿ ನಡೆಸಿದ ಪ್ರಯೋಗಗಳು ಇದಕ್ಕೆ ಉತ್ತರ ಕೊಡುತ್ತವೆ. ಒಂದು ಹಾಳೆಯ ಮೇಲೆ ಒಂದು ಗೆರೆ. ಇನ್ನೊಂದರ ಮೇಲೆ ಮೂರು ಗೆರೆಗಳು. ಮೂರರಲ್ಲಿ ಯಾವುದು ಮೊದಲನೆಯದಕ್ಕೆ ಸಮವೆಂದು ಹೇಳಬೇಕು. ಚಿಕ್ಕ ಮಗುವೂ ಹೇಳಬಹುದಾದ ಉತ್ತರ. ಆದರೆ ಕೋಣೆಯಲ್ಲಿದ್ದವರಲ್ಲಿ ಒಬ್ಬನ ಹೊರತು ಉಳಿದವರೆಲ್ಲರೂ ಪ್ರಯೋಗಕಾರರ ಕಡೆಯವರು. ಅವರೆಲ್ಲರೂ ಬೇಕೆಂದೇ ಒಂದೇ ತಪ್ಪು ಉತ್ತರವನ್ನು ಹೇಳುತ್ತಿದ್ದರು. ಆಗ ಪರೀಕ್ಷೆಗೊಳಗಾದವನ ಉತ್ತರಗಳಲ್ಲಿ ಸುಮಾರು ಮೂರನೆಯ ಒಂದು ಭಾಗ, ಕಣ್ಣಿಗೆ ಕಂಡದ್ದನ್ನು ಬಿಟ್ಟು, ಗುಂಪಿನ ತಪ್ಪನ್ನೇ ಅನುಸರಿಸಿದುವು.

ಆಶ್ ಗುಂಪಿನ ಗಾತ್ರವನ್ನು ಬದಲಾಯಿಸಿಯೂ ನೋಡಿದರು. ಎದುರಿಗೆ ಒಬ್ಬನೇ ತಪ್ಪು ಹೇಳಿದಾಗ ಪರಿಣಾಮ ಇಲ್ಲವೆನ್ನುವಷ್ಟು ಅಲ್ಪ. ಇಬ್ಬರು ಹೇಳಿದಾಗ ನೂರಕ್ಕೆ ಸುಮಾರು 14 ಉತ್ತರಗಳು ತಪ್ಪಿದುವು. ಮೂವರಾದಾಗ ನೂರಕ್ಕೆ ಸುಮಾರು 32. ಅಲ್ಲಿಂದ ಮುಂದೆ ಜನರನ್ನು ಹೆಚ್ಚಿಸಿದರೂ ಪರಿಣಾಮ ಅಷ್ಟಾಗಿ ಹೆಚ್ಚಲಿಲ್ಲ. ಚಾಲಕ, ದಾರಿಹೋಕ, ಫೋನಿನ ಕಂಠ ಎಂಬ ಮೂವರನ್ನು ಹೊಂದಿಸುವ ವಂಚಕನು ಆಶ್ ಅವರ ಪ್ರಬಂಧವನ್ನು ಓದಿರಲಾರ. ಅನುಭವವೇ ಅವನಿಗೆ ಆ ಸಂಖ್ಯೆಯನ್ನು ಕಲಿಸಿದೆ. ಅಲ್ಲದೆ ಆಶ್ ಅವರ ಪ್ರಯೋಗದಲ್ಲಿ ಗೆರೆಗಳು ಕಣ್ಣೆದುರಿಗೇ ಇದ್ದುವು. ಹೊಸ ಊರಿಗೆ ಬಂದವನಿಗೆ ಆ ಅನುಕೂಲವೂ ಇಲ್ಲ.

ಆದರೆ ಆ ಪ್ರಯೋಗಗಳಲ್ಲಿ ಸಂತೋಷದ ಒಂದು ಫಲಿತಾಂಶವೂ ಉಂಟು. ಗುಂಪಿನಲ್ಲಿ ಒಬ್ಬನಾದರೂ ನಿಜವನ್ನು ಹೇಳಿದರೆ ತಪ್ಪುಗಳ ಪ್ರಮಾಣ ಕಾಲುಭಾಗಕ್ಕೆ ಇಳಿಯಿತು. ಗುಂಪಿಗೆ ಸೇರದ ಒಬ್ಬನೇ ಒಬ್ಬ ಸಾಕ್ಷಿ ಸಾಕು. ಸುರಕ್ಷಿತವಾಗಿ ತಂಗುವ ವಿದ್ಯೆಯ ತಿರುಳೆಲ್ಲ ಇದರಲ್ಲಿದೆ: ನಮ್ಮನ್ನು ಕರೆದೊಯ್ಯುವವನ ಕೈಗೆ ಸಿಕ್ಕದ ಸಾಕ್ಷಿಯೊಂದನ್ನು ನಾವೇ ಹುಡುಕಿಕೊಳ್ಳಬೇಕು. ಪ್ರಯೋಗಶಾಲೆಯಲ್ಲಿ ಒಂದು ಅಳತೆಯನ್ನು ಇನ್ನೊಂದು ಉಪಕರಣದಿಂದ ತಾಳೆನೋಡುವುದಿಲ್ಲವೆ? ಇದೂ ಹಾಗೆಯೇ.

ಎರಡನೆಯ ಸಾಕ್ಷಿಯನ್ನು ಹುಡುಕುವ ಬಗೆ

ವಸತಿಗೃಹದ ಹೆಸರು, ವಿಳಾಸ, ಫೋನ್ ಸಂಖ್ಯೆಗಳನ್ನು ಊರಿನಲ್ಲಿರುವಾಗಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ಸಂಖ್ಯೆಯನ್ನು ಎರಡು ಬೇರೆ ಬೇರೆ ಕಡೆಗಳಿಂದ ಪಡೆದು ಹೋಲಿಸುವುದು ಮೇಲು. ಅಂತರ್ಜಾಲದ ನಕಾಶೆಗಳಲ್ಲಿ ನಿಜವಾದ ಸಂಖ್ಯೆಯನ್ನು ಅಳಿಸಿ ತಮ್ಮದನ್ನು ಸೇರಿಸುವ ಮೋಸಗಾರರಿದ್ದಾರೆ. ಹೊರಡುವ ಹಿಂದಿನ ದಿನ ಒಮ್ಮೆ ಮಾತನಾಡಿ, ತಲಪುವ ವೇಳೆಯನ್ನು ತಿಳಿಸಬೇಕು. ಆ ಬಳಿಕ ದಾರಿಯಲ್ಲಿ ಯಾರಾದರೂ “ಮುಚ್ಚಿದೆ” ಎಂದರೆ, ಅವರ ಫೋನನ್ನು ಮುಟ್ಟದೆ, ನಮ್ಮ ಫೋನಿನಿಂದ, ನಾವು ಬರೆದಿಟ್ಟ ಸಂಖ್ಯೆಗೆ ಕರೆಮಾಡಬೇಕು. ಉತ್ತರ ಬಾರದಿದ್ದರೆ, “ಇರಲಿ, ಮುಚ್ಚಿದ ಬಾಗಿಲನ್ನೇ ನೋಡಿಕೊಂಡು ಬರೋಣ” ಎಂದರಾಯಿತು. ಬಾಗಿಲು ಎಂದೂ ಸುಳ್ಳು ಹೇಳದು.

ಸಾಧ್ಯವಾದಷ್ಟೂ ಹಗಲಿನಲ್ಲಿ ಊರು ಸೇರುವಂತೆ ಹೊರಡಬೇಕು. ರಾತ್ರಿ ತಲಪಿದವನಿಗೆ ಅವಸರವಿರುತ್ತದೆ; ಅವಸರವುಳ್ಳವನು ತಾಳೆನೋಡುವುದಿಲ್ಲ. ದೊಡ್ಡ ನಿಲ್ದಾಣಗಳಲ್ಲಿ ರೈಲ್ವೆಯವರದೇ ವಿಶ್ರಾಂತಿ ಕೊಠಡಿಗಳಿದ್ದು, ಟಿಕೆಟ್ ಉಳ್ಳವರು ಅವುಗಳನ್ನು ಮುಂಚಿತವಾಗಿ ಕಾದಿರಿಸಬಹುದು. ದೆಹಲಿಯ ಚಾಣಕ್ಯಪುರಿಯಲ್ಲಿ ಯೂತ್ ಹಾಸ್ಟೆಲ್ ಸಂಘದ ವಸತಿಯುಂಟು. ಹೊಸದೆಹಲಿ ನಿಲ್ದಾಣದ ಪಕ್ಕದಲ್ಲೇ ಮೆಟ್ರೋ ರೈಲು ಇದೆ. ಅದರ ದರ ನಿಗದಿಯಾದುದು, ದಾರಿ ತಪ್ಪಿಸುವ ಚಾಲಕನ ಭಯವೂ ಅದರಲ್ಲಿಲ್ಲ.

ಇತ್ತೀಚೆಗೆ ವಂಚಕನು ರಸ್ತೆಗೆ ಬರದೆಯೇ ಕೆಲಸ ಮುಗಿಸುತ್ತಾನೆ. ಕಾಲೇಜು ಸೇರಲು ಬೇರೆ ಊರಿಗೆ ಹೋಗುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಅಗ್ಗದ ಬಾಡಿಗೆಗೆ ಅಂದವಾದ ಮನೆಯ ಚಿತ್ರವೊಂದು ಅಂತರ್ಜಾಲದಲ್ಲಿ ಕಾಣಿಸುತ್ತದೆ. ಮಾಲಿಕನು ತಾನು ಸೈನ್ಯದಲ್ಲಿದ್ದು ವರ್ಗವಾಗಿ ಹೋಗಿರುವುದರಿಂದ ಮನೆ ತೋರಿಸಲಾರೆನೆನ್ನುತ್ತಾನೆ. ಬಹಳ ಜನರು ಕೇಳುತ್ತಿರುವುದರಿಂದ ಈ ದಿನವೇ ಮುಂಗಡ ಕಳುಹಿಸಬೇಕೆನ್ನುತ್ತಾನೆ. ಚಿತ್ರ ಬೇರೆ ಯಾರದೋ ಮನೆಯದು, ಮಾಲಿಕನೂ ಕಟ್ಟುಕತೆ. ಮನೆಯನ್ನು ಸ್ವತಃ ನೋಡದೆ, ಅಥವಾ ಆ ಊರಿನಲ್ಲಿರುವ ಪರಿಚಿತರಿಂದ ನೋಡಿಸದೆ ಮುಂಗಡ ಕೊಡಬಾರದು. “ಮುಂಗಡವನ್ನು ಹಿಂದಿರುಗಿಸುತ್ತೇನೆ, ಈ ಚೌಕದ ಗುರುತನ್ನು ಫೋನಿಗೆ ತೋರಿಸಿ ನಿಮ್ಮ ಪಿನ್ ಒತ್ತಿ” ಎಂದು ಯಾರಾದರೂ ಹೇಳಿದರೆ ಅದು ನಿಸ್ಸಂದೇಹವಾಗಿ ಮೋಸ. ಯು.ಪಿ.ಐ. ವ್ಯವಸ್ಥೆಯಲ್ಲಿ ಪಿನ್ ಬೇಕಾಗುವುದು ಹಣ ಕೊಡುವವನಿಗೆ. ಪಡೆಯುವವನಿಗೆ ಎಂದೂ ಬೇಕಿಲ್ಲ.

ಕೋಣೆಯ ಪರೀಕ್ಷೆ

ಸರಿಯಾದ ಸ್ಥಳಕ್ಕೆ ತಲಪಿದೆವು. ಇನ್ನು ಕೋಣೆಯ ವಿಚಾರ. ಸಾಮಾನ್ಯವಾಗಿ ನಾವು ಹಾಸಿಗೆ, ಬಚ್ಚಲು, ಬಾಡಿಗೆ ಇಷ್ಟನ್ನೇ ನೋಡುತ್ತೇವೆ. ಆದರೆ ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ, ರಾತ್ರಿ ಹೊಗೆ ತುಂಬಿದರೆ ಇಲ್ಲಿಂದ ಹೇಗೆ ಹೊರಗೆ ಹೋಗುವೆವು ಎಂಬುದು.

2019ರ ಫೆಬ್ರವರಿ 12ರ ನಸುಕಿನಲ್ಲಿ ದೆಹಲಿಯ ಕರೋಲ್‌ಬಾಗಿನ ಹೋಟೆಲೊಂದಕ್ಕೆ ಬೆಂಕಿ ಬಿದ್ದು 17 ಜನರು ಮಡಿದರು. ಅತಿಥಿಗಳಲ್ಲಿ ಮದುವೆಗೆಂದು ಕೇರಳದಿಂದ ಬಂದವರೂ ಇದ್ದರು. ಓಣಿಯಂತಹ ಪಡಸಾಲೆಗಳ ಗೋಡೆಗೆ ಅಂದಕ್ಕಾಗಿ ಹೊದಿಸಿದ್ದ ಮರದ ಹಲಗೆಗಳು ಬೆಂಕಿಯನ್ನು ಹಬ್ಬಿಸಿದುವು. ಬೆಂಗಳೂರಿನಲ್ಲಿಯೂ 2010ರ ಫೆಬ್ರವರಿ 23ರಂದು ಕಾರ್ಲ್‌ಟನ್ ಟವರ್ಸ್ ಎಂಬ ಬಹುಮಹಡಿ ಕಟ್ಟಡದ ದುರಂತದಲ್ಲಿ 9 ಜನರು ತೀರಿಕೊಂಡರು. ಇಂತಹ ಕಟ್ಟಡಗಳಲ್ಲಿ ಜ್ವಾಲೆಗಿಂತ ಹೊಗೆಯೇ ಹೆಚ್ಚು ಜನರನ್ನು ಬಲಿತೆಗೆದುಕೊಳ್ಳುತ್ತದೆ. ಬಿಸಿಯಾದ ಗಾಳಿ ಹಗುರವಾಗಿ ಮೇಲೇರುವುದು ನಿಸರ್ಗದ ನಿಯಮ. ಆದುದರಿಂದ ಕೆಳಗೆ ಬೆಂಕಿ ಹತ್ತಿದಾಗ ಮೆಟ್ಟಿಲಗೂಡು ಹೊಗೆಗೊಳವಿಯಂತಾಗಿ, ಹೊಗೆಯನ್ನು ಮೇಲಿನ ಅಂತಸ್ತುಗಳಿಗೆ ಸೆಳೆದೊಯ್ಯುತ್ತದೆ. ಕೋಣೆಯಲ್ಲಿ ಮೊದಲು ಹೊಗೆ ತುಂಬುವುದು ಛಾವಣಿಯ ಬಳಿ. ನೆಲದ ಸಮೀಪದಲ್ಲಿ ಉಸಿರಾಡಬಹುದಾದ ಗಾಳಿ ಇನ್ನೂ ಸ್ವಲ್ಪ ಕಾಲ ಉಳಿದಿರುತ್ತದೆ. ಹೊಗೆಯಲ್ಲಿ ಬಗ್ಗಿ, ತೆವಳಿ ಸಾಗಬೇಕೆನ್ನುವುದು ಇದಕ್ಕಾಗಿಯೇ.

ಆದಕಾರಣ ಬಾಡಿಗೆ ಕೊಡುವ ಮೊದಲು ಕೋಣೆಯನ್ನೂ ದಾರಿಯನ್ನೂ ಕಣ್ಣಾರೆ ನೋಡಬೇಕು. ಎರಡು ಮೆಟ್ಟಿಲುಗಳಿವೆಯೆ? ಎರಡನೆಯದರ ಬಾಗಿಲಿಗೆ ಬೀಗ ಹಾಕಿಲ್ಲವಷ್ಟೆ? ಅಲ್ಲಿ ಹಳೆಯ ಹಾಸಿಗೆ, ಕುರ್ಚಿಗಳನ್ನು ಪೇರಿಸಿಲ್ಲವಷ್ಟೆ? ಕೋಣೆಗೆ ತೆರೆಯಬಲ್ಲ ಕಿಟಕಿಯುಂಟೆ? ಬಾಗಿಲಿನ ಅಗಣಿ ಒಳಗಿನಿಂದ ಭದ್ರವಾಗಿ ಬೀಳುವುದೆ? ತೀರ ಮೇಲಿನ ಅಂತಸ್ತಿಗಿಂತ ಒಂದನೆಯದೋ ಎರಡನೆಯದೋ ಉತ್ತಮ. ಬಳಿಕ ನಮ್ಮ ಕೋಣೆಯಿಂದ ಮೆಟ್ಟಿಲಿನವರೆಗೆ ಎಷ್ಟು ಬಾಗಿಲುಗಳಿವೆಯೆಂದು ಎಣಿಸಿಡಬೇಕು. ದೀಪ ಹೋದಾಗ ಗೋಡೆ ಹಿಡಿದು ನಡೆಯುವವನಿಗೆ ಆ ಎಣಿಕೆಯೇ ದಾರಿ ತೋರಿಸುತ್ತದೆ. ಬೆಂಕಿಯ ಸುಳಿವು ಸಿಕ್ಕಿದರೆ ಲಿಫ್ಟನ್ನು ಏರಬಾರದು. ಬಾಗಿಲನ್ನು ಅಂಗೈಯ ಹಿಂಬದಿಯಿಂದ ಮುಟ್ಟಿ ನೋಡಿ, ಬಿಸಿಯಾಗಿದ್ದರೆ ತೆರೆಯಬಾರದು. ಒದ್ದೆ ಬಟ್ಟೆಯಿಂದ ಅದರ ಸಂದುಗಳನ್ನು ಮುಚ್ಚಿ, 112ಕ್ಕೆ ಕರೆಮಾಡಿ, ಕಿಟಕಿಯ ಬಳಿ ನಿಂತು ಕೂಗಬೇಕು.

ಇಲ್ಲಿಯೂ ಇತರರ ಮುಖ ನೋಡಿ ಸುಮ್ಮನಿರುವ ಸ್ವಭಾವ ನಮಗೆ ಶತ್ರುವಾಗುತ್ತದೆ. 1968ರಲ್ಲಿ ಲಟಾನೆ ಮತ್ತು ಡಾರ್ಲಿ ಎಂಬ ಮನಶ್ಶಾಸ್ತ್ರಜ್ಞರು, ವಿದ್ಯಾರ್ಥಿಗಳು ಕುಳಿತ ಕೋಣೆಯೊಳಕ್ಕೆ ಗೋಡೆಯ ರಂಧ್ರದಿಂದ ಹೊಗೆಯನ್ನು ಬಿಟ್ಟು ಪರೀಕ್ಷಿಸಿದ ಪ್ರಯೋಗವನ್ನು ಪ್ರಕಟಿಸಿದರು. ಒಂಟಿಯಾಗಿ ಕುಳಿತವರಲ್ಲಿ ನೂರಕ್ಕೆ 75 ಮಂದಿ ಎದ್ದುಹೋಗಿ ಸುದ್ದಿ ಮುಟ್ಟಿಸಿದರು. ಹೊಗೆಯನ್ನು ಕಂಡೂ ಕಾಣದಂತಿರುವ ಇಬ್ಬರ ನಡುವೆ ಕುಳಿತವರಲ್ಲಿ ಹಾಗೆ ಮಾಡಿದವರು ನೂರಕ್ಕೆ 10 ಮಾತ್ರ! ಉಳಿದವರು ಕಣ್ಣುಜ್ಜಿಕೊಳ್ಳುತ್ತ, ಕೆಮ್ಮುತ್ತ ಕುಳಿತೇ ಇದ್ದರು. ಸುಟ್ಟ ವಾಸನೆ ಬಂದಾಗ ಪಕ್ಕದ ಕೋಣೆಯವರು ಮಲಗಿದ್ದಾರೆಂಬುದು ನಾವು ಮಲಗಲು ಕಾರಣವಾಗಬಾರದು.

ವಾಸನೆಯೇ ಇಲ್ಲದ ಶತ್ರುವೊಂದಿದೆ. ಅಡುಗೆ ಅನಿಲ ಸೋರಿದರೆ ತಿಳಿಯಲೆಂದು ಅದಕ್ಕೆ ದುರ್ಗಂಧದ ವಸ್ತುವನ್ನು ಬೆರೆಸಿರುತ್ತಾರೆ. ಆದರೆ ಮುಚ್ಚಿದ ಬಚ್ಚಲಿನಲ್ಲಿ ಗ್ಯಾಸ್ ಗೀಸರು ಉರಿದಾಗ, ಗಾಳಿ ಸಾಲದೆ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಬಳಿಕ ಎಚ್ಚರದಪ್ಪುವಿಕೆ. ಕೂಗುವ ಮೊದಲೇ ಶಕ್ತಿ ಉಡುಗಿರುತ್ತದೆ. ಗ್ಯಾಸ್ ಗೀಸರು ಬಚ್ಚಲಿನ ಒಳಗೇ ಇದ್ದು, ಗಾಳಿ ಆಡಲು ಮಾರ್ಗವಿಲ್ಲದಿದ್ದರೆ ಆ ಕೋಣೆಯನ್ನು ಒಪ್ಪಬಾರದು. ಉತ್ತರ ಭಾರತದ ಚಳಿಗಾಲದಲ್ಲಿ ಇದ್ದಲಿನ ಅಗ್ಗಿಷ್ಟಿಕೆಯನ್ನು ಕೋಣೆಯೊಳಗಿಟ್ಟು ಬಾಗಿಲು ಹಾಕಿ ಮಲಗುವುದೂ ಇಷ್ಟೇ ಅಪಾಯಕರ.

ಗುರುತಿನ ಚೀಟಿಯ ವಿಷಯದಲ್ಲಿ ಒಂದು ಮಾತು. ಮೂಲಪತ್ರವನ್ನು ಯಾರ ಬಳಿಯೂ ಬಿಡಬಾರದು. ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ ಆಧಾರ್ ಪ್ರತಿಯನ್ನು ಪಡೆಯಲು ಅವಕಾಶವುಂಟು. ಅದನ್ನು ಕೊಡುವುದು ಕ್ಷೇಮ. ತಂಗಿರುವ ಸ್ಥಳದ ಹೆಸರು, ಕೋಣೆಯ ಸಂಖ್ಯೆಗಳನ್ನು ಮನೆಯವರಿಗೆ ತಿಳಿಸುವುದು ವಿದ್ಯಾರ್ಥಿನಿಯರಿಗೆ ಮಾತ್ರವಲ್ಲ, ಎಲ್ಲರಿಗೂ ಕರ್ತವ್ಯ. ಇಷ್ಟಾಗಿಯೂ ಹಣ ಕಳೆದುಕೊಂಡರೆ ನಾಚಿಕೊಂಡು ಕುಳ್ಳಿರಬಾರದು. ಅಂತರ್ಜಾಲದ ಮೂಲಕ ಹಣ ಹೋಗಿದ್ದರೆ ಒಡನೆಯೇ 1930ಕ್ಕೆ ಕರೆಮಾಡಿ ತಿಳಿಸಬೇಕು. ಬೇಗ ತಿಳಿಸಿದಷ್ಟೂ ಆ ಹಣವನ್ನು ಬ್ಯಾಂಕಿನಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಇದನ್ನೆಲ್ಲ ಓದಿ, ಎದುರಿಗೆ ಬಂದವರೆಲ್ಲರೂ ಕಳ್ಳರೆಂದು ವಾಚಕರು ಭಾವಿಸಬಾರದು. ಆಟೋರಿಕ್ಷಾ ಓಡಿಸುವವರಲ್ಲಿಯೂ ಲಾಡ್ಜು ನಡೆಸುವವರಲ್ಲಿಯೂ ಬಹುಮಂದಿ ನ್ಯಾಯವಾಗಿ ದುಡಿದು ಬದುಕುವವರೇ. ತಾಳೆನೋಡುವುದು ಅವರಿಗೆ ಮಾಡುವ ಅಪಮಾನವಲ್ಲ. ಪ್ರಾಮಾಣಿಕ ವರ್ತಕನು ಗಿರಾಕಿಯೆದುರಿಗೇ ತಕ್ಕಡಿಯನ್ನು ಎತ್ತಿ ತೋರಿಸುವಂತೆ, ಒಳ್ಳೆಯ ಲಾಡ್ಜಿನವನು ತನ್ನ ಎರಡನೆಯ ಮೆಟ್ಟಿಲನ್ನು ತಾನೇ ತೋರಿಸುತ್ತಾನೆ. ಕೇಳಿದ್ದಕ್ಕೆ ಸಿಡುಕುವವನಲ್ಲಿ ಇಳಿದುಕೊಳ್ಳದಿರುವುದೇ ಲೇಸು.

ನಮ್ಮ ವಿದ್ಯಾರ್ಥಿ ಮುಂದಿನ ಸಲ ದೆಹಲಿಗೆ ಹೋದಾಗ ಮಾಡಬೇಕಾದುದು ದೊಡ್ಡ ಕೆಲಸವೇನಲ್ಲ. ತನ್ನ ಫೋನಿನಿಂದ ಒಂದು ಕರೆ, ತನ್ನ ಕಾಲಿನಿಂದ ಒಂದು ಸುತ್ತು, ಮೆಟ್ಟಿಲಿನವರೆಗೆ ಬಾಗಿಲುಗಳ ಒಂದು ಎಣಿಕೆ. ಎಲ್ಲ ಸೇರಿ ಹತ್ತು ನಿಮಿಷ ಹಿಡಿಯಬಹುದು. ಆ ಹತ್ತು ನಿಮಿಷಗಳನ್ನು ಕಳೆದ ಮೇಲೆ ಅವನು ದೀಪ ಆರಿಸಿ ನಿಶ್ಚಿಂತೆಯಿಂದ ನಿದ್ರಿಸಲಿ, ಬೆಳಗಾದರೆ ಸಂದರ್ಶನವಿದೆ.