ತಪ್ಪು ಬ್ಯಾಟರಿಯದಲ್ಲ

ಕಳೆದ ಕಾರ್ತೀಕದಲ್ಲಿ ಸಂಘದ ಕಾರ್ಯಕ್ರಮ ಮುಗಿಸಿಕೊಂಡು ತ್ಯಾಗರಾಯನಗರದಿಂದ ನಂಗನಲ್ಲೂರಿನ ಮನೆಗೆ ಹೊರಟಾಗ ರಾತ್ರಿ ಒಂಬತ್ತೂವರೆ. ಜೋರು ಮಳೆ. ಗಿಂಡಿ ಬರುವ ಹೊತ್ತಿಗೆ ನಮ್ಮ 1998ರ ಮಾರುತಿ 800ರ ದೀಪಗಳು ಎಣ್ಣೆ ತೀರಿದ ಹಣತೆಯಂತೆ ಮಂಕಾದವು, ವೈಪರ್ ತೂಕಡಿಸಿತು, ಕೊನೆಗೆ ಇಂಜಿನ್ನೂ ನಿಂತಿತು. ಹಿಂದಿನ ಸೀಟಿನಲ್ಲಿ 82 ವರ್ಷದ ಅತ್ತೆಯವರು. ಆಟೋ ಸಿಗುವವರೆಗೆ ಅವರನ್ನು ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಕೂರಿಸಿದ್ದೆವು.

ಆ ತಿಂಗಳಷ್ಟೇ ಮೆಕ್ಯಾನಿಕ್ ಮಾತು ಕೇಳಿ ಹೊಸ ಬ್ಯಾಟರಿ ಹಾಕಿಸಿದ್ದೆವು! ಈಗ ಆತ, "ಆಲ್ಟರ್ನೇಟರ್ ಹೋಗಿದೆ, ಹೊಸದಕ್ಕೆ 5,500 ಆಗುತ್ತೆ" ಎಂದ. ನಮ್ಮವರು ಕಾರನ್ನೇ ಗುಜರಿಗೆ ಹಾಕುವ ಮಾತೆತ್ತಿದರು. ನನಗೆ ಒಪ್ಪಿಗೆಯಾಗಲಿಲ್ಲ. ಮಂಡಿನೋವಿನ ಅತ್ತೆಯವರು ಹೊರಗೆ ಬರುವುದೇ ಈ ಕಾರಿನಿಂದ.

ಬ್ಯಾಟರಿ ಮುಖ್ಯವಾಗಿ ಬೇಕಾಗುವುದು ಗಾಡಿ ಸ್ಟಾರ್ಟ್ ಮಾಡಲು. ಗಾಡಿ ಓಡುವಾಗ ಬೆಲ್ಟಿನಿಂದ ತಿರುಗುವ ಆಲ್ಟರ್ನೇಟರೇ ಕರೆಂಟ್ ಕೊಟ್ಟು, ಬ್ಯಾಟರಿಯನ್ನೂ ತುಂಬುತ್ತದೆ. ಹಳೆಯ ಫಿಯಟ್, ಅಂಬಾಸಡರ್‌ಗಳಲ್ಲಿ ಈ ಕೆಲಸ ಡೈನಮೋದ್ದು. 1961ರಲ್ಲಿ ಸ್ಥಾಪನೆಯಾದ ಲೂಕಾಸ್ ಟಿವಿಎಸ್ ಕಂಪನಿ ಇಂಥವನ್ನೇ ತಯಾರಿಸುವುದು ನಮ್ಮ ಚೆನ್ನೈನ ಪಾಡಿಯಲ್ಲಿ. ಅಂಥ ಊರಿನಲ್ಲಿ ರಿಪೇರಿ ಬಲ್ಲವರು ಸಿಗುವುದಿಲ್ಲವೇ ಎಂದು ನನ್ನ ವಾದ.

ಬ್ಯಾಟರಿಯನ್ನು ಚಾರ್ಜ್ ಮಾಡಿಸಿ, ಹಗಲಿನಲ್ಲೇ, ದೀಪ ಹಾಕದೆ, ಎಗ್ಮೋರ್ ಬಳಿಯ ಪುದುಪೇಟೆಗೆ ಹೋದೆವು. ಹಳೆಯ ಮೋಟಾರು ಸಾಮಾನುಗಳ ದೊಡ್ಡ ಸಂತೆಯದು. ಅಲ್ಲಿನ ಎಲೆಕ್ಟ್ರೀಷಿಯನ್ ಇಂಜಿನ್ ಓಡುತ್ತಿರುವಾಗಲೇ ಮೀಟರ್ ಹಿಡಿದ. 14 ವೋಲ್ಟ್ ಆಸುಪಾಸು ಇರಬೇಕಾದದ್ದು 12ರಲ್ಲೇ ಇತ್ತು. ಬಿಚ್ಚಿ ನೋಡಿ, "ಕಾರ್ಬನ್ ತೇಂಜು ಪೋಚ್ಚಮ್ಮಾ" ಎಂದ. ನಾವು ಗಂಧ ತೇಯುತ್ತೇವಲ್ಲ, ಅದೇ ಮಾತು! ಒಳಗೆ ತಿರುಗುವ ಸುರುಳಿಗೆ ಕರೆಂಟ್ ಮುಟ್ಟಿಸುವ ಎರಡು ಪುಟ್ಟ ಕಾರ್ಬನ್ ಬ್ರಷ್‌ಗಳು ತಾಮ್ರದ ಬಳೆಗಳಿಗೆ ಉಜ್ಜಿ ಉಜ್ಜಿ ಕಡಲೆಬೇಳೆಯಷ್ಟಾಗಿದ್ದವು. ಡಯೋಡ್‌ಗಳು, ರೆಗ್ಯುಲೇಟರ್ ಸರಿಯಾಗಿಯೇ ಇದ್ದವು. ಬ್ರಷ್, ಒಂದು ಬೇರಿಂಗ್, ಕೂಲಿ ಸೇರಿ 1,200 ರೂಪಾಯಿ. ಮೀಟರ್ 14.1 ತೋರಿಸಿತು.

ಮೊದಲೇ ಮೀಟರ್ ಹಿಡಿದಿದ್ದರೆ ಬ್ಯಾಟರಿ ದುಡ್ಡು ಉಳಿಯುತ್ತಿತ್ತು. ಪೂರ್ತಿ ತಪ್ಪು ಮೆಕ್ಯಾನಿಕ್‌ನದೂ ಅಲ್ಲ. ಎರಡು ವಾರದಿಂದ ಡ್ಯಾಷ್‌ಬೋರ್ಡಿನಲ್ಲಿ ಬ್ಯಾಟರಿಯ ಕೆಂಪು ದೀಪ ಮಿಣುಕುತ್ತಿದ್ದರೂ ನಾವು ಲಕ್ಷ್ಯ ಕೊಟ್ಟಿರಲಿಲ್ಲ. ಇನ್ನೊಂದು ವಿಷಯ: ಇಂಜಿನ್ ಓಡುವಾಗ ಬ್ಯಾಟರಿ ವೈರ್ ಕಳಚಿ ಪರೀಕ್ಷಿಸುವುದು ಡೈನಮೋ ಕಾಲದ ಚಾಳಿ, ಆಲ್ಟರ್ನೇಟರ್ ಇದ್ದರೆ ಡಯೋಡ್ ಸುಟ್ಟುಹೋದೀತು. ಇದನ್ನು ಕೇಳಿ ನಮ್ಮವರು ಮೆಲ್ಲನೆ ಆ ಕಡೆ ತಿರುಗಿದರು.

ಮರುದಿನ ಬೆಳಿಗ್ಗೆ ದೇವಸ್ಥಾನಕ್ಕೆ ಹೊರಟಾಗ ಅತ್ತೆಯವರು ಕಾರಿನಲ್ಲಿ ಕೂತವರೇ, "ಎಲ್ಲಿ, ದೀಪ ಹಾಕು, ನೋಡೋಣ" ಎಂದರು. ಹಾಡುಹಗಲಿನಲ್ಲೇ ಹಾಕಿ ತೋರಿಸಿದ್ದಾಯಿತು.